ಗುರುವಾರ ಬೆಳಗಿನ ರಕ್ತ

ಕಾಗದದ ಪ್ರಕಾರ ಇನೊಬತ್‌ಗೆ ಏನೂ ಆಗಿರಲಿಲ್ಲ. ಮಂಚದ ಮೇಲೆ ಮಾತ್ರ ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ನರರೋಗ ವಿಭಾಗದ ಡಾಕ್ಟರ್ ಶೋಹಿಸ್ತಾ ಆ ಕಾಗದವನ್ನು ಮೂರನೆಯ ಸಲ ಓದಿದಳು. ರೋಗಿಯ ಹೆಸರು — ಸರಿ. ವಯಸ್ಸು ಇಪ್ಪತ್ತಮೂರು — ಸರಿ. ರಕ್ತ ತೆಗೆದದ್ದು ಹದಿನೆಂಟು ದಿನದ ಹಿಂದೆ, ಗುರುವಾರ. ರಕ್ತದಲ್ಲಿ ಹುಡುಕಿದ್ದು ಒಂದೇ ಜಾತಿಯ ಪ್ರತಿಕಾಯ: ನರ ಹೇಳಿದ್ದನ್ನು ಸ್ನಾಯು ಕೇಳಿಸಿಕೊಳ್ಳುವ ಬಾಗಿಲುಗಳಿಗೆ ಹೋಗಿ ಅಂಟಿಕೊಂಡು, ಬಾಗಿಲನ್ನೇ ಮುಚ್ಚಿಬಿಡುವಂಥದ್ದು. ದೇಹ ತನ್ನ ಕಾವಲಿಗೆಂದು ಸಾಕಿಕೊಂಡವರೇ ಮನೆಯವರ ಮೇಲೆ ಕೈ ಮಾಡಿದ ಹಾಗೆ. ಕಾಗದದ ಉತ್ತರ: ಇಲ್ಲ. ಒಂದಿಷ್ಟೂ ಇಲ್ಲ.

ಗಾಜಿನ ಆಚೆ ಇನೊಬತ್ ಮಲಗಿದ್ದಳು. ಮುಖಕ್ಕೆ ಉಸಿರಿನ ಮುಖವಾಡ. ರೆಪ್ಪೆಗಳು ಮುಚ್ಚಿದ್ದವು. ನಿದ್ದೆಯಲ್ಲ, ಎತ್ತಲು ಬಲವಿಲ್ಲ. ಐದನೇ ತರಗತಿಗೆ ಭೂಗೋಳ ಕಲಿಸುವ ಹುಡುಗಿ. ಶರತ್ಕಾಲದಲ್ಲಿ ಪಾಠದ ಕೊನೆಗೆ ಬರುವಷ್ಟರಲ್ಲಿ ಅವಳ ಮಾತು ಮೂಗಿನಿಂದ ಬರತೊಡಗಿತ್ತು. ಆಮೇಲೆ ರೊಟ್ಟಿ ಅಗಿಯುತ್ತ ಅಗಿಯುತ್ತ ದವಡೆ ಸೋತು ನಿಲ್ಲುತ್ತಿತ್ತು. ಶೋಹಿಸ್ತಾಗೆ ಮೊದಲ ದಿನವೇ ಗೊತ್ತಾಗಿತ್ತು ಇದು ಯಾವ ರೋಗ ಎಂದು. ಪರೀಕ್ಷೆ ಬರೆದುಕೊಟ್ಟವಳೂ ಅವಳೇ.

ಕಳೆದ ಬುಧವಾರ ಉತ್ತರ ಬಂತು: ಇಲ್ಲ. ಶುಕ್ರವಾರ ಹುಡುಗಿಗೆ ಗಂಟಲು ನೋವು. ಬೀದಿಯ ದವಾಖಾನೆಯ ವೈದ್ಯ ಆ ಕಾಗದ ನೋಡಿ, ಧೈರ್ಯವಾಗಿ ಒಂದು ಆಂಟಿಬಯೋಟಿಕ್ ಚುಚ್ಚಿದ. ಈ ರೋಗವಿದ್ದವರಿಗೆ ಆ ಮದ್ದು ವಿಷ. ಭಾನುವಾರ ಅವಳು ನೀಲಿಗಟ್ಟಿದ ತುಟಿಗಳೊಂದಿಗೆ ಇಲ್ಲಿಗೆ ಬಂದಳು.

"ಗುರುಗಳೇ, ಕಾಗದ ತಪ್ಪು," ಎಂದಳು ಶೋಹಿಸ್ತಾ.

ಮುಖ್ಯ ವೈದ್ಯ ಕುದ್ರತ್ ಅವಳಿಗೆ ಪಾಠ ಹೇಳಿದವರು. ದಪ್ಪ ಮನುಷ್ಯ; ಒಳ್ಳೆಯವರು; ಆದರೆ ಹಿಡಿದದ್ದನ್ನು ಬಿಡುವವರಲ್ಲ. ಹಸಿರು ಚಹಾವನ್ನು ಬಟ್ಟಲಿಂದ ಬಟ್ಟಲಿಗೆ ಸುರಿಯುತ್ತಲೇ ಕೇಳಿದರು.

"ತಪ್ಪು ಅಂತ ಯಾರು ಹೇಳಿದ್ದು?"

"ಅವಳ ಕಣ್ಣು ಹೇಳ್ತು. ಕೈಗವಸಿನಲ್ಲಿ ಐಸ್ ತುಂಬಿ ಎರಡು ನಿಮಿಷ ರೆಪ್ಪೆ ಮೇಲಿಟ್ಟೆ. ಮುಚ್ಚಿದ್ದ ರೆಪ್ಪೆ ಎದ್ದು ನಿಂತಿತು."

"ಐಸ್ ಇಟ್ರೆ ನನ್ನ ರೆಪ್ಪೇನೂ ಎದ್ದು ಕುಣಿಯುತ್ತೆ. ನೋಡು ಮಗಳೇ, ನಾಳೆ ಹತ್ತಕ್ಕೆ ಸಮಿತಿ. ರಕ್ತದ ನೀರು ಸೋಸಿ ಬದಲಾಯಿಸೋ ಯಂತ್ರ ಇಡೀ ಪ್ರಾಂತಕ್ಕೆ ಒಂದೇ. ಇನ್ನಿಬ್ಬರು ಕಾಯ್ತಿದಾರೆ. ಇಬ್ಬರ ಹತ್ರಾನೂ 'ಇದೆ' ಅನ್ನೋ ಕಾಗದ ಇದೆ. ನಿನ್ನವಳ ಹತ್ರ?"

"ನೂರು ರೋಗಿಗಳಲ್ಲಿ ಹದಿನೈದು ಜನಕ್ಕೆ ಈ ಪ್ರತಿಕಾಯ ಕಾಣಿಸೋದೇ ಇಲ್ಲ. ನೀವೇ ಕಲಿಸಿದ್ದು."

"ಕಲಿಸಿದೆ. ಅದನ್ನ ಸಮಿತಿಯ ಉಳಿದ ನಾಲ್ವರಿಗೆ ಕಲಿಸೋಕೆ ಆಗುತ್ತಾ? ಅವರು ಅಂತಾರೆ — ಮದುವೆಗೆ ಮೂರು ವಾರ, ಹುಡುಗಿ ಹೆದರಿದಾಳೆ, ಮನಸ್ಸಿನ ಕಾಯಿಲೆ. ಮುಗೀತು."

"ಇನ್ನೊಂದ್ಸಲ ರಕ್ತ ಕಳಿಸಿದ್ರೆ?"

"ಸಾಕಷ್ಟು ಟ್ಯೂಬು ಕೂಡೋವರೆಗೂ ಪ್ರಯೋಗಾಲಯದವರು ಆ ಪರೀಕ್ಷೆಯ ಮದ್ದಿನ ಪೆಟ್ಟಿಗೇನೇ ಒಡೆಯಲ್ಲ. ಹನ್ನೆರಡು ದಿನ ಬೇಕು. ನಿನ್ನ ಹುಡುಗಿ ಹನ್ನೆರಡು ದಿನ ಕಾಯ್ತಾಳಾ?"

ಶೋಹಿಸ್ತಾ ಮನಸ್ಸಿನಲ್ಲೇ ಎಣಿಸಿದಳು. ನಾಲ್ಕು ದಿನ ಕಾದರೆ ಹೆಚ್ಚು.

ಕುದ್ರತ್ ಕಾಗದವನ್ನು ದೂರ ಹಿಡಿದು ನೋಡಿದರು. "ಕೆಳಗೆ ಏನೋ ಮೊಹರು ಬೇರೆ ಹೊಡೆದಿದಾರೆ. 'ಸೀರಮ್ ಹಾಲುಬಣ್ಣ.' ಹ್ಹ! ಈ ಊರಲ್ಲಿ ಯಾರ ಸೀರಮ್ ತಿಳಿಯಾಗಿರುತ್ತೆ ಹೇಳು? ಕುರಿಬಾಲದ ಕೊಬ್ಬು ತಿನ್ನೋ ಜನ ನಾವು." ನಗು ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದರು: "ಈ ಟ್ಯೂಬಿನಲ್ಲಿದ್ದ ರಕ್ತ ಅವಳದ್ದಲ್ಲ ಅಂತ ತೋರಿಸು. ಕಾಗದ ನಾನೇ ಹರಿದು ಹಾಕ್ತೀನಿ. ಆಮೇಲೆ ಅವಳ ಕಣ್ಣು, ಅವಳ ಉಸಿರು — ಅಷ್ಟೇ ಸಾಕು ಸಹಿಗೆ. ಆದರೆ ಇದು ಕಡತದಲ್ಲಿರೋವರೆಗೂ ನನ್ನ ಕೈಯೂ ಕಟ್ಟಿದೆ."

ಆಗ ಮಧ್ಯಾಹ್ನ ಹನ್ನೆರಡು. ಸೋಮವಾರ.

ನೆಲಮಾಳಿಗೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಹೋಸಿಯತ್ ಚಿಕ್ಕಮ್ಮ ಇದ್ದಳು. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಸೋಮವಾರ ಮಾತ್ರ ತಪ್ಪದೆ ಬರುತ್ತಿದ್ದಳು. ಕಿರಿಯರಿಗೆ ಕಲಿಸುವುದಕ್ಕೆ ಎಂದು ಅವಳು. ಎಲ್ಲದಕ್ಕೂ ಮೂಗು ತೂರಿಸುವುದಕ್ಕೆ ಎಂದು ಕಿರಿಯರು. ನಲವತ್ತು ವರ್ಷ ನಮಂಗಾನ್‌ನ ರಕ್ತವನ್ನೆಲ್ಲ ಅವಳ ಕಣ್ಣು ಕಂಡಿತ್ತು. ಒಗರು ಏಪ್ರಿಕಾಟ್ ಬೀಜ ಒಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದವಳು ಶೋಹಿಸ್ತಾಳ ಮುಖ ನೋಡಿ ಹೇಳಿದಳು:

"ಅಳೋದಾದ್ರೆ ಆ ಮೂಲೆಗೆ ಹೋಗಿ ಅಳು. ಇಲ್ಲಿ ಸ್ಲೈಡ್ ಒಣಗ್ತಿದೆ."

"ಅಳ್ತಿಲ್ಲ ಚಿಕ್ಕಮ್ಮ. ಒಂದು ಕಳ್ಳತನ ಆಗಿದೆ."

"ಏನು ಹೋಯ್ತು?"

"ಒಬ್ಬ ಹುಡುಗಿಯ ರಕ್ತ."

ಹೋಸಿಯತ್ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಕೆಳಗಿನ ಸಾಲಿನಿಂದ ಓದಲು ಶುರು ಮಾಡಿದಳು — ಮೇಲಿರುವುದನ್ನು ಎಲ್ಲರೂ ಓದುತ್ತಾರೆ, ಕೆಳಗಿನದು ತನ್ನ ಪಾಲಿಗೆ ಎನ್ನುವುದು ಅವಳ ಹಳೆಯ ಮಾತು. ಮೊಹರಿನ ಮೇಲೆ ಅವಳ ಬೆರಳು ನಿಂತಿತು. ಅಲ್ಲಿಂದ ಮೇಲಕ್ಕೆ ಹೋಗಲೇ ಇಲ್ಲ.

"ರಕ್ತ ತೆಗೆದೋರು ಯಾರು?"

"ಅವರ ಬೀದಿಯ ನರ್ಸ್, ಕರೋಮತ್."

"ಒಯ್ದೋರು?"

"ಮನೆಯವರು."

ಅದರಲ್ಲಿ ವಿಶೇಷವೇನೂ ಇರಲಿಲ್ಲ. ನರ್ಸ್ ರಕ್ತ ತೆಗೆಯುತ್ತಾಳೆ. ನಗರದ ಖಾಸಗಿ ಪ್ರಯೋಗಾಲಯಕ್ಕೆ ಮುಟ್ಟಿಸುವುದು ಮನೆಯವರ ಪಾಡು. ಇಲ್ಲಿ ನಡೆದುಕೊಂಡು ಬಂದದ್ದೇ ಹಾಗೆ. ಬೇರೆ ರೀತಿ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಹುಡುಗಿ ಹಿಂದಿನ ದಿನ ಏನು ತಿಂದಿದ್ಲು?"

"ಊಟದ ಮಾತು ಯಾಕೆ ಚಿಕ್ಕಮ್ಮ?"

"ನನಗೆ ಹಸಿವಾಗಿದೆ, ಅದಕ್ಕೆ. ಏಳು, ಕೋಟು ಹಾಕ್ಕೋ. ಆ ಕರೋಮತ್‌ನ ಮಾತಾಡಿಸೋಣ."

ಕರೋಮತ್ ದೊಡ್ಡ ಬಾಯಿಯ ಹೆಂಗಸು. ಬೀದಿಯ ಪುಟ್ಟ ದವಾಖಾನೆಯ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನ್ನ ಕೈ ಮೇಲೆ ಅನುಮಾನನಾ? ಈ ಬೀದಿಯ ಅರ್ಧ ಜನರ ಹೆರಿಗೆ ಮಾಡ್ಸಿದ್ದು ಈ ಕೈ! ಯಾರ ತೋಳಲ್ಲಿ ಯಾವ ನರ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ!"

"ಹೇಳುವಿಯಂತೆ ತಂಗಿ, ಮೊದಲು ಕೂತ್ಕೋ," ಎಂದಳು ಹೋಸಿಯತ್. "ಆ ಗುರುವಾರ ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಎಂಟಕ್ಕೆ. ಅವರ ಮನೆಗೇ ಹೋಗಿ ತೆಗೆದೆ, ಪಾಪ, ನಡೆಯೋಕೆ ತ್ರಾಣ ಇರಲಿಲ್ಲ. ಹೆಸರನ್ನ ಅಂಟುಪಟ್ಟಿ ಮೇಲೆ ಬರೆದೆ, ಟ್ಯೂಬಿಗೆ ಸುತ್ತಿದೆ. ಪೆಟ್ಟಿಗೇಲಿಟ್ಟು ಸುತ್ತ ಐಸ್ ತುರುಕಿದೆ. ಅವಳಪ್ಪ ತುರೋಬ್ ಕೈಗೆ ಕೊಟ್ಟೆ."

"ಐಸ್ ಸಾಕಷ್ಟು ಹಾಕಿದ್ಯಾ?"

"ಮುಚ್ಚಳ ಹಾಕೋಕಾಗದಷ್ಟು! ಯಾಕೆ, ಕರಗಿ ಹೋಯ್ತಂತಾ? ಚಳಿಗಾಲದ ನಡು ಅದು, ಉಗುಳಿದ್ರೆ ಕಲ್ಲಾಗ್ತಿತ್ತು!"

"ಇಲ್ಲಮ್ಮ, ಸುಮ್ಮನೆ ಕೇಳಿದೆ. ಹುಡುಗಿ ಏನು ತಿಂದಿದ್ಲು?"

"ತಿನ್ನೋದಾ?" ಕರೋಮತ್‌ಳ ದನಿ ಇಳಿಯಿತು. "ಮೂರು ವಾರದಿಂದ ಅಕ್ಕಿ ಗಂಜಿಯ ತಿಳಿನೀರು. ಅದೂ ಅರ್ಧ ಮೂಗಲ್ಲಿ ವಾಪಸ್ ಬರ್ತಿತ್ತು. ಖಾಲಿ ಹೊಟ್ಟೇಲಿ ಕೊಡಬೇಕು ಅಂತ ನಾನೇ ಹಿಂದಿನ ಸಂಜೆಯಿಂದ ಅದನ್ನೂ ನಿಲ್ಲಿಸಿದ್ದೆ."

"ಮತ್ತೆ ನೀನು?"

"ನಾನು?"

"ನೀನೇನು ತಿಂದಿದ್ದೆ ಆವತ್ತು?"

"ಅಯ್ಯೋ, ಗುರುವಾರ ನನಗೆ ಉಪವಾಸ! ಅವತ್ತೇ ಪಕ್ಕದ ಮನೆ ನೊರ್ಮತ್ ಮಗನ ಮದುವೆಯ ಓಶ್ ಊಟ ಬೇರೆ. ಬೆಳಗಿನ ನಮಾಜು ಮುಗಿಸ್ಕೊಂಡು ಮುನ್ನೂರು ಗಂಡಸರು ಬಂದ್ರು. ಕಡಾಯಿ ತುಂಬ ಅನ್ನ, ಮಾಂಸ, ಗಜ್ಜರಿ — ಕೊಬ್ಬು ಅಂಗೈಯಿಂದ ಮೊಣಕೈಗೆ ಇಳೀತಿತ್ತು ಅವರಿಗೆ. ಬೀದಿಯೆಲ್ಲ ಘಮ ಘಮ. ನಾನು ಬಾಯಲ್ಲಿ ನೀರೂರಿಸ್ಕೊಂಡು ಸೂಜಿ ಹಿಡ್ಕೊಂಡಿದ್ದೆ, ದೇವರೇ ಕ್ಷಮಿಸಬೇಕು."

"ತುರೋಬ್ ಹೋಗಿದ್ನಾ ಓಶ್‌ಗೆ?"

"ಹೋಗದೆ? ಗೋಡೆ ಒಂದೇ ಅವರಿಬ್ಬರ ಮನೆಗೆ. ಹೋಗದಿದ್ರೆ ನೊರ್ಮತ್ ಸಾಯೋವರೆಗೂ ಮಾತು ಬಿಡ್ತಿದ್ದ."

ಹಿಂತಿರುಗುವ ಟ್ಯಾಕ್ಸಿಯಲ್ಲಿ ಶೋಹಿಸ್ತಾ ಚಡಪಡಿಸುತ್ತಿದ್ದಳು. ಅವಳ ತಲೆ ಬೇರೆ ಕಡೆ ಓಡುತ್ತಿತ್ತು. ಗಂಡಿನ ಮನೆಯವರು! ಮದುವೆಗೆ ಮುಂಚೆ ಸೊಸೆಯ ಕಾಯಿಲೆ ಹೊರಬಿದ್ದರೆ ಮರ್ಯಾದೆ ಹೋಗುವುದು ಅವರದ್ದೂ ಅಲ್ಲವೇ? ಆ ಗುರುವಾರ ಟ್ಯೂಬು ಒಯ್ದ ಕಾರು ಓಡಿಸಿದವನು ಮದುಮಗನೇ — ಜಾಸುರ್.

"ಅವನೇ ಚಿಕ್ಕಮ್ಮ. ಅವನ ಮುಖ ನೋಡಿ ಸಾಕು. ಆಸ್ಪತ್ರೆಯಲ್ಲಿ ನಿನ್ನೆಯಿಂದ ಕೂತಿದಾನೆ, ನಾನು ಕಂಡರೆ ಕಣ್ಣು ತಪ್ಪಿಸ್ತಾನೆ."

"ನಿನ್ನ ಕಂಡ್ರೆ ಯಾರು ಕಣ್ಣು ತಪ್ಪಿಸಲ್ಲ ಹೇಳು? ಹಸಿದ ಬೆಕ್ಕಿನ ಹಾಗೆ ನೋಡ್ತೀಯ."

ಜಾಸುರ್ ತಂದೂರಿನಲ್ಲಿ ರೊಟ್ಟಿ ಸುಡುವ ಕಸುಬಿನವನು. ಮೊಣಕೈವರೆಗೂ ರೋಮ ಸುಟ್ಟುಹೋದ ದಪ್ಪ ತೋಳುಗಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಥರ್ಮಾಸು ಅಪ್ಪಿಕೊಂಡು ಕೂತಿದ್ದವನು ಇಬ್ಬರನ್ನೂ ನೋಡಿ ಧಡಕ್ಕನೆ ಎದ್ದ.

"ಏನಾದ್ರೂ... ಅವಳಿಗೆ ಏನಾದ್ರೂ...?"

"ಇಲ್ಲ, ಕೂತ್ಕೋಪ್ಪ. ಆ ಗುರುವಾರ ಓಶ್ ಚೆನ್ನಾಗಿತ್ತಾ?"

"ಓಶಾ?" ಅವನಿಗೆ ತಲೆಬುಡ ತಿಳಿಯಲಿಲ್ಲ. "ನಾನೆಲ್ಲಿ ತಿಂದೆ ಚಿಕ್ಕಮ್ಮ? ಅವರ ಮನೆಗೆ ನಾನೂರು ರೊಟ್ಟಿ ಹೋಗಬೇಕಿತ್ತು. ನಾಲ್ಕು ಗಂಟೆಯಿಂದ ತಂದೂರಿನ ಬಾಯಲ್ಲೇ ಇದ್ದೆ. ಅಲ್ಲಿಂದ ಸೀದಾ ಕಾರು ತಗೊಂಡು ಮಾವನ ಮನೆಗೆ."

"ಒಂದು ತುತ್ತೂ ಇಲ್ಲ?"

"ಚಹಾ ಕುಡಿದಿದ್ದೆ."

"ಹುಡುಗಿಗೆ ಏನು ಕಾಯಿಲೆ ಅಂತ ನಿನಗೆ ಹೇಳಿದ್ರಾ?"

ಅವನು ನೆಲ ನೋಡಿದ. "ಶೀತ ಅಂತ... ಮಾವ ಶೀತ ಅಂದ್ರು."

ಶೋಹಿಸ್ತಾ ಹೋಸಿಯತ್‌ಳ ಮೊಣಕೈ ತಿವಿದಳು — ನೋಡಿ, ನೋಡಿ! ಹೋಸಿಯತ್ ತಿರುಗಿಯೂ ನೋಡಲಿಲ್ಲ.

"ಟ್ಯೂಬಿನ ಪೆಟ್ಟಿಗೆ ದಾರೀಲಿ ಯಾರ ಹತ್ರ ಇತ್ತು?"

"ಮಾವನ ತೊಡೆ ಮೇಲೆ. ಮೇಲೆ ಬಟ್ಟೆ ಮುಚ್ಚಿ ಅಂತ ನಾನೇ ಕೇಳಿಕೊಂಡೆ." ಅವನ ಕಿವಿ ಕೆಂಪಾಯಿತು. "ರಕ್ತ ನೋಡಿದ್ರೆ ನನಗೆ... ಮದುವೆಗೆ ಮುಂಚಿನ ವೈದ್ಯರ ತಪಾಸಣೆ ದಿನ ಸೂಜಿ ತಗುಲೋ ಮೊದಲೇ ಬಿದ್ದುಬಿಟ್ಟಿದ್ದೆ. ಆ ಕರೋಮತ್ ಅಕ್ಕ ಇಡೀ ಬೀದಿಗೆ ಹೇಳ್ಕೊಂಡು ನಕ್ಕಿದಾಳೆ."

"ದಾರೀಲಿ ಎಲ್ಲಾದ್ರೂ ನಿಂತ್ರಾ?"

"ಇಲ್ಲ... ಹಾಂ, ಒಂದ್ಸಲ. ಪಶು ದವಾಖಾನೆ ಹತ್ರ. ಐಸ್ ಹಾಕ್ಕೊಂಡು ಬರ್ತೀನಿ ಅಂತ ಮಾವ ಪೆಟ್ಟಿಗೆ ತಗೊಂಡು ಒಳಗೆ ಹೋದ್ರು."

"ಎಷ್ಟು ಹೊತ್ತು?"

"ಕಾಲು ಗಂಟೆ? ಇಪ್ಪತ್ತು ನಿಮಿಷ? ನಾನು ಕಾರಿನ ಗಾಜಿನ ಮೇಲೆ ಕಟ್ಟಿದ್ದ ಹಿಮ ಕೆರೀತಿದ್ದೆ. ಎರಡು ಸಲ ಕೆರೆದೆ, ಮತ್ತೆ ಕಟ್ತು."

ಹೋಸಿಯತ್ ಅವನ ಭುಜ ತಟ್ಟಿ ಎದ್ದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಬೇಸರವಿತ್ತು.

"ಈಗೆಲ್ಲಿಗೆ?" ಎಂದಳು ಶೋಹಿಸ್ತಾ.

"ಪ್ರಯೋಗಾಲಯಕ್ಕೆ. ಪರೀಕ್ಷೆ ಮಾಡಿ ಉಳಿದ ಸೀರಮ್ಮನ್ನ ಒಂದು ತಿಂಗಳು ಹಿಮಪೆಟ್ಟಿಗೆಯಲ್ಲಿ ಇಟ್ಟಿರ್ತಾರೆ. ಅಲ್ಲಿರೋ ಹುಡುಗಿ ನನ್ನ ಶಿಷ್ಯೆ. ಈ ಸಲ ನಾನೇ ಹೊತ್ಕೊಂಡು ಬರ್ತೀನಿ, ಮನೆಯವರ ಕೈಗೆ ಕೊಟ್ಟಿದ್ದು ಸಾಕು."

ನಾಲ್ಕು ಗಂಟೆಗೆ ಅವರು ಮತ್ತೆ ನೆಲಮಾಳಿಗೆಯಲ್ಲಿದ್ದರು. ಪುಟ್ಟ ಟ್ಯೂಬು ಹೋಸಿಯತ್‌ಳ ಅಂಗೈಯಲ್ಲಿ ನಿಧಾನ ಕರಗಿತು. ಸೀರಮ್, ಅಂದರೆ ರಕ್ತಕಣ ಬಿಟ್ಟು ಉಳಿಯುವ ನೀರು, ತಿಳಿ ಜೇನಿನ ಬಣ್ಣಕ್ಕಿರಬೇಕು. ಇದು ಮಜ್ಜಿಗೆಯ ಹಾಗೆ ಬೆಳ್ಳಗಿತ್ತು.

"ಹುಡುಗಿಯದು ಯಾವ ಗುಂಪು?"

"ಓ. ನಿನ್ನೆ ಸೇರಿಸಿಕೊಳ್ಳುವಾಗ ನಾವೇ ನೋಡಿದ್ದು."

"ಓ ಗುಂಪಿನವರ ಸೀರಮ್‌ಗೆ ಬೇರೆ ಯಾರನ್ನ ಕಂಡರೂ ಆಗಲ್ಲ. ಎ ಗುಂಪಿನ ರಕ್ತಕಣ ಹಾಕಿದ್ರೂ ಹಿಡಿದು ಮುದ್ದೆ ಮಾಡುತ್ತೆ, ಬಿ ಹಾಕಿದ್ರೂ ಮಾಡುತ್ತೆ. ನೋಡ್ತಿರು."

ಬಿಳಿ ಬಿಲ್ಲೆಯ ಮೇಲೆ ಎರಡು ಕಡೆ ಸೀರಮ್ ಹನಿಸಿದಳು. ಒಂದಕ್ಕೆ ಎ ಕಣ, ಇನ್ನೊಂದಕ್ಕೆ ಬಿ ಕಣ. ಬಿಲ್ಲೆಯನ್ನು ಮೆಲ್ಲಗೆ ಓಲಾಡಿಸಿದಳು. ಒಂದು ನಿಮಿಷ. ಎರಡು.

ಬಿ ಕಣಗಳು ಕೆಂಪು ಮರಳಿನ ಹಾಗೆ ಗಂಟು ಕಟ್ಟಿದವು. ಎ ಕಣಗಳು ಕದಲದೆ ನುಣ್ಣಗೆ ಹಾಗೆಯೇ ಉಳಿದವು.

"ಇದು ಎ ಗುಂಪಿನವರ ರಕ್ತ," ಶೋಹಿಸ್ತಾ ಉಸಿರು ಬಿಟ್ಟಳು. "ಇನೊಬತ್‌ದಲ್ಲ!"

"ಅವಳದ್ದಲ್ಲ. ಹೋಗಿ ಅವಳಪ್ಪನನ್ನ ಕರ್ಕೊಂಡು ಬಾ. ಜೋರಾಗಿ ಕರೀಬೇಡ."

ತುರೋಬ್ ಬಂದ. ಐವತ್ತೈದರ ಆಸುಪಾಸು, ಒಣಗಿದ ಮೈ, ಟೊಪ್ಪಿಗೆ ಕೈಯಲ್ಲಿ. ಊರಿನ ದನ ಕುರಿಗಳ ವೈದ್ಯ. ಹೋಸಿಯತ್ ಅವನಿಗೆ ಚಹಾ ಸುರಿದುಕೊಟ್ಟಳು. ಅವನು ಮುಟ್ಟಲಿಲ್ಲ.

"ತಮ್ಮಾ, ಆ ಗುರುವಾರ ಪಶು ದವಾಖಾನೆ ಹತ್ರ ಯಾಕೆ ನಿಂತೆ?"

"ಐಸ್... ಐಸ್ ಹಾಕೋದಕ್ಕೆ."

"ಪೆಟ್ಟಿಗೆಯ ಮುಚ್ಚಳ ಹಾಕೋಕಾಗದಷ್ಟು ಐಸ್ ತುರುಕಿದ್ದೆ ಅಂತಾಳೆ ನರ್ಸ್. ಕೆರೆದಷ್ಟೂ ಗಾಜಿನ ಮೇಲೆ ಹಿಮ ಕಟ್ತಿತ್ತು ಅಂತಾನೆ ನಿನ್ನ ಅಳಿಯ. ಅಂಥ ಚಳೀಲಿ ಐಸ್ ಹುಡುಕ್ಕೊಂಡು ಹೋಗೋನು ಯಾವ ವೈದ್ಯ?"

ತುರೋಬ್ ಟೊಪ್ಪಿಗೆಯನ್ನು ಮಡಿಸಿ ಮೊಣಕಾಲ ಮೇಲಿಟ್ಟ.

"ಅದು ಬಿಡು. ನನಗೆ ಮೊದಲೇ ಗೊತ್ತಾಗಿದ್ದು ಅದರಿಂದಲ್ಲ." ಅವಳು ಕಾಗದವನ್ನು ಅವನ ಮುಂದೆ ಸರಿಸಿ, ಮೊಹರಿನ ಮೇಲೆ ಬೆರಳಿಟ್ಟಳು. "ಸೀರಮ್ ಹಾಲುಬಣ್ಣ. ಎಲ್ಲರೂ ಓದಿದ್ರು, ನಕ್ಕು ಬಿಟ್ರು. ಈ ಊರಲ್ಲಿ ದಿನಾ ಕಾಣೋ ಮೊಹರು ತಾನೇ! ಚೆನ್ನಾಗಿ ಕೊಬ್ಬು ತಿಂದು ಎರಡು ಮೂರು ಗಂಟೆ ಆದ ಮೇಲೆ ರಕ್ತ ತೆಗೆದ್ರೆ ಹೀಗೆ ಬೆಳ್ಳಗಿರುತ್ತೆ. ಆದರೆ ನಿನ್ನ ಮಗಳು ಮೂರು ವಾರದಿಂದ ಗಂಜಿ ನೀರನ್ನೂ ನುಂಗೋಕಾಗದೆ ಮಲಗಿದ್ಲು. ಅವಳ ಸೀರಮ್‌ಗೆ ಕೊಬ್ಬು ಎಲ್ಲಿಂದ ಬಂತು?"

ಶೋಹಿಸ್ತಾಗೆ ತನ್ನ ಮೇಲೇ ಸಿಟ್ಟು ಬಂತು. ಆ ಮೊಹರನ್ನು ಅವಳು ಮೂರು ಸಲ ಓದಿದ್ದಳು. ರೋಗಿ ಏನೂ ನುಂಗಲಾರಳು ಎಂದು ಕೇಸು ಪುಸ್ತಕದಲ್ಲಿ ಬರೆದವಳೂ ತಾನೇ.

"ಹಾಗಾದ್ರೆ ಆವತ್ತು ಬೆಳಿಗ್ಗೆ ಹೊಟ್ಟೆ ತುಂಬ ಕೊಬ್ಬು ತಿಂದೋರು ಯಾರು?" ಹೋಸಿಯತ್ ಮುಂದುವರಿಸಿದಳು. "ನರ್ಸ್‌ಗೆ ಉಪವಾಸ. ಜಾಸುರ್ ತಂದೂರು ಬಿಟ್ಟು ಕದಲಿಲ್ಲ; ಮೇಲಾಗಿ ರಕ್ತ ನೋಡಿದ್ರೆ ಬೀಳ್ತಾನೆ. ಆರು ಗಂಟೆಗೆ ನೊರ್ಮತ್ ಮನೇಲಿ ಓಶ್ ತಿಂದು, ಎಂಟಕ್ಕೆ ಪೆಟ್ಟಿಗೆ ಕೈಗೆ ತಗೊಂಡು, ಸೂಜಿ ಟ್ಯೂಬು ಎಲ್ಲ ಇರೋ ಜಾಗದಲ್ಲಿ ಇಪ್ಪತ್ತು ನಿಮಿಷ ಒಬ್ಬನೇ ಇದ್ದೋನು, ತನ್ನ ತೋಳಿಗೆ ತಾನೇ ಚುಚ್ಚಿಕೊಳ್ಳೋಕೆ ಕೈ ನಡುಗದೋನು — ಒಬ್ಬನೇ. ನಿನ್ನ ಗುಂಪು ಯಾವುದು ತುರೋಬ್?"

"ಎ," ಎಂದ ಅವನು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಹೋಸಿಯತ್ ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿದಳು.

"ಯಾಕಪ್ಪಾ?" ಎಂದಳು ಶೋಹಿಸ್ತಾ. "ಸ್ವಂತ ಮಗಳಿಗೆ... ಯಾಕೆ?"

"ನನಗೊಬ್ಬಳು ಅಕ್ಕ ಇದ್ಲು, ಡಾಕ್ಟರ್ ಮಗಳೇ. ಓಯ್ದಿನ್ ಅಂತ." ಅವನು ಮುಖ ತೆಗೆಯದೆಯೇ ಹೇಳಿದ. "ಮದುವೆ ಆಗಿ ವರ್ಷ ತುಂಬಲಿಲ್ಲ, ರೆಪ್ಪೆ ಇಳೀತು. ಇದೇ ಥರ. ಊಟಕ್ಕೆ ಕೂತ್ರೆ ದವಡೆ ಕೈಯಲ್ಲಿ ಹಿಡ್ಕೊಂಡು ಅಗೀತಿದ್ಲು. ಅತ್ತೆ ಮನೆಯವರು ಯಾವುದೋ ವೈದ್ಯನ ಚೀಟಿ ಬರೆಸಿ, ಚೀಟಿ ಸಮೇತ ಗಾಡೀಲಿ ಕೂರಿಸಿ ವಾಪಸ್ ಕಳಿಸಿದ್ರು. ನಮ್ಮ ಬಾಗಿಲಲ್ಲಿ ಇಳಿಸಿ, ಚೀಟಿ ನಮ್ಮಪ್ಪನ ಕೈಗೆ ಕೊಟ್ಟು ಹೋದ್ರು. ನಾನು ಆಗ ಹನ್ನೊಂದು ವರ್ಷದೋನು. ಆರು ತಿಂಗಳು ಬದುಕಿದ್ಲು. ಕಾಯಿಲೆಗಿಂತ ಆ ಚೀಟಿ ಕೊಂದಿತು ಅಂತಲೇ ಅನ್ಸಿತ್ತು ನನಗೆ."

"ಅದಕ್ಕೆ?"

"ಅದಕ್ಕೆ 'ಏನೂ ಇಲ್ಲ' ಅನ್ನೋ ಕಾಗದ ಬೇಕಿತ್ತು ನನಗೆ. ಮದುವೆ ಆಗೋವರೆಗೆ ಸಾಕು. ಆಮೇಲೆ ನಾನೇ ಗುಟ್ಟಾಗಿ ಮದ್ದು ಕೊಡಿಸ್ತೀನಿ ಅನ್ಕೊಂಡಿದ್ದೆ. ಆ ಕಾಗದ ನೋಡಿ ಯಾರೋ ಬೇರೆ ಸೂಜಿ ಚುಚ್ಚುತ್ತಾರೆ ಅಂತ... ನಾನೂ ವೈದ್ಯನೇ ಅಲ್ವಾ! ಕುರಿಗಾದ್ರೂ ನಾನು ಹೀಗೆ ಮಾಡ್ತಿರಲಿಲ್ಲ."

"ಅವಳ ರಕ್ತ ಏನು ಮಾಡಿದೆ?" ಎಂದಳು ಹೋಸಿಯತ್.

"ಫ್ರಿಜ್ಜಿನಲ್ಲಿದೆ. ಕುರಿಗಳ ಲಸಿಕೆ ಜೊತೆ. ಎರಡು ಸಲ ತೊಟ್ಟಿ ಹತ್ರ ಹೋದೆ. ಮಗಳ ರಕ್ತ ಚರಂಡಿಗೆ ಹೇಗೆ ಸುರೀಲಿ ಅಕ್ಕ? ಕೈ ಬರಲಿಲ್ಲ."

ಹೋಸಿಯತ್ ಕನ್ನಡಕ ತೆಗೆದು ಒರೆಸಿದಳು. ಒರೆಸುತ್ತಲೇ ಇದ್ದಳು. ಸಿಟ್ಟು ಮಾಡಬೇಕೆಂದು ಕೂತವಳಿಗೆ ಸಿಟ್ಟು ಬರಲಿಲ್ಲ.

"ನೋಡು ತಮ್ಮಾ. ರಕ್ತ ಅವಳದ್ದಲ್ಲ ಅಂತ ನಾನು ನಾಳೆ ಸಮಿತಿಗೆ ತೋರಿಸ್ತೀನಿ. ಅವರು ಏನಂತಾರೆ ಗೊತ್ತಾ? ಪ್ರಯೋಗಾಲಯದಲ್ಲಿ ಟ್ಯೂಬು ಅದಲುಬದಲು ಆಗಿರಬೇಕು, ವಿಚಾರಣೆ ಆಗಲಿ, ಹೊಸ ರಕ್ತ ಕಳಿಸಿ, ಉತ್ತರ ಬರಲಿ ಅಂತಾರೆ. ಬದಲಾಯಿಸಿದೋನೇ ಎದ್ದು ನಿಂತು ನಾನೇ ಬದಲಾಯಿಸಿದೆ ಅಂದ್ರೆ ಮಾತ್ರ ಆ ಕಾಗದ ಅಲ್ಲೇ ಸಾಯುತ್ತೆ."

"ಹೇಳಿದ್ರೆ ಇಡೀ ಊರಿಗೆ ಗೊತ್ತಾಗುತ್ತೆ. ಜಾಸುರ್ ಮನೆಗೆ ಮಧ್ಯಾಹ್ನದೊಳಗೆ ಮುಟ್ಟುತ್ತೆ." ಅವನು ತಲೆ ಎತ್ತಿದ. "ಅವಳನ್ನೂ ವಾಪಸ್ ಕಳಿಸ್ತಾರೆ. ಮದುವೆಗೂ ಮುಂಚೆಯೇ."

"ಕಳಿಸಬಹುದು. ಆದರೆ ವಾಪಸ್ ಬರೋಕೆ ಅವಳು ಇರಬೇಕಲ್ಲ."

ತುರೋಬ್ ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಎದ್ದು ಟೊಪ್ಪಿಗೆ ಇಟ್ಟುಕೊಂಡು ಹೊರಟುಹೋದ.

"ಬರ್ತಾನಾ ಚಿಕ್ಕಮ್ಮ?"

"ಗೊತ್ತಿಲ್ಲಮ್ಮ. ರಕ್ತದಲ್ಲಿ ಅದು ಕಾಣಲ್ಲ."

ಮಂಗಳವಾರ ಹತ್ತು ಗಂಟೆ. ಉದ್ದನೆಯ ಮೇಜಿನ ಆಚೆ ಐವರು ಕೂತಿದ್ದರು. ಹೋಸಿಯತ್ ತನ್ನ ಬಿಲ್ಲೆ ತೋರಿಸಿದಳು, ಮೊಹರು ತೋರಿಸಿದಳು. ಸಮಿತಿಯ ಒಬ್ಬ ಸದಸ್ಯ ಅವಳು ಹೇಳಿದ ಮಾತನ್ನೇ ಆಡಿದ — ವಿಚಾರಣೆ ಆಗಲಿ, ಹೊಸ ರಕ್ತ ಹೋಗಲಿ. ಶೋಹಿಸ್ತಾ ಬಾಗಿಲ ಕಡೆ ನೋಡಿದಳು. ಬಾಗಿಲು ಮುಚ್ಚಿತ್ತು. ಕುದ್ರತ್ ಪೆನ್ನಿನ ಕ್ಯಾಪು ಹಾಕಿಬಿಟ್ಟರು.

ಆಗ ಬಾಗಿಲು ತೆರೆಯಿತು.

ತುರೋಬ್‌ನ ಒಂದು ಕೈಯಲ್ಲಿ ಹಳೆಯ ಪೆಟ್ಟಿಗೆ, ಇನ್ನೊಂದರಲ್ಲಿ ತಾನೇ ಬರೆದ ಎರಡು ಪುಟ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಒಳಗೆ ಹೆಸರಿನ ಪಟ್ಟಿ ಕಿತ್ತ ಒಂದು ಟ್ಯೂಬು. ನಿಂತುಕೊಂಡೇ ಓದಿದ. ಒಮ್ಮೆಯೂ ತಡವರಿಸಲಿಲ್ಲ. ಕೆಳಗೆ ತನ್ನ ಹೆಸರು, ತಂದೆಯ ಹೆಸರು, ಬೀದಿಯ ಹೆಸರು ಓದಿ ಮುಗಿಸಿದ.

ಕುದ್ರತ್ ಪ್ರಯೋಗಾಲಯದ ಕಾಗದವನ್ನು ಕಡತದಿಂದ ತೆಗೆದು ಉದ್ದುದ್ದಕ್ಕೆ ಹರಿದರು. ಐದು ಕೈಗಳು ಎದ್ದವು.

ಯಂತ್ರವನ್ನು ತಳ್ಳಿಕೊಂಡು ಬರಲು ಇನ್ನೂ ಅರ್ಧ ಗಂಟೆಯಿತ್ತು. ತುರೋಬ್ ಮಗಳ ಮಂಚದ ಪಕ್ಕ ನಿಂತ. ಶೋಹಿಸ್ತಾ ಮುಖವಾಡದ ಪಟ್ಟಿ ಸರಿಮಾಡುವ ನೆಪದಲ್ಲಿ ಅಲ್ಲೇ ಇದ್ದಳು. ಜಾಸುರ್ ಬಾಗಿಲ ಬಳಿ ನಿಂತಿದ್ದ, ಸೂಜಿ ನಳಿಗೆಗಳ ಕಡೆ ಕಣ್ಣು ಹೋಗದಂತೆ ಚಾವಣಿ ನೋಡುತ್ತ.

ತುರೋಬ್ ಬಾಗಿ, ಹೆಬ್ಬೆರಳಿನಿಂದ ಮಗಳ ಬಲಗಣ್ಣಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿದ. ತನ್ನ ಮುಖ ಅವಳಿಗೆ ಕಾಣಲಿ ಎಂದು.

"ಮಗಳೇ, ನಿನ್ನ ರಕ್ತ ನಾನೇ ಬದಲಾಯಿಸಿದೆ. ಅದರಿಂದಲೇ ನಿನಗೆ ಹೀಗಾಯ್ತು. ಈಗ ಎಲ್ಲರಿಗೂ ಹೇಳಿ ಬಂದೆ. ನಿನ್ನ ಕಾಯಿಲೆ ಜಾಸುರ್‌ಗೂ ಗೊತ್ತಾಗಿದೆ. ಏನು ತೀರ್ಮಾನ ಮಾಡ್ತಾನೋ ಮಾಡಲಿ. ನನ್ನ ಕ್ಷಮಿಸೋದು ಬೇಡ, ಉಸಿರಾಡು ಸಾಕು."

ಇನೊಬತ್‌ಳ ಬೆರಳು ಹೊದಿಕೆಯ ಮೇಲೆ ಕದಲಿತು. ಶೋಹಿಸ್ತಾ ಪೆನ್ಸಿಲ್ ಕೈಗಿಟ್ಟು, ಕೆಳಗೆ ಪುಸ್ತಕ ಹಿಡಿದಳು. ಅಕ್ಷರಗಳು ಕುಸಿಯುತ್ತ ಕುಸಿಯುತ್ತ ಒಂದು ಸಾಲಾಯಿತು.

'ಅವನಿಗೆ ಅಕ್ಟೋಬರ್‌ನಲ್ಲೇ ಹೇಳಿದ್ದೆ.'

ತುರೋಬ್ ಓದಿದ. ಬಾಗಿಲ ಕಡೆ ತಿರುಗಿದ. "ನಿನಗೆ... ಗೊತ್ತಿತ್ತಾ?"

"ಗೊತ್ತಿತ್ತು ಮಾವ," ಎಂದ ಜಾಸುರ್, ಚಾವಣಿಯಿಂದ ಕಣ್ಣಿಳಿಸಿ. "ದೊಡ್ಡಾಸ್ಪತ್ರೆಗೆ ಹೋಗು ಅಂತ ಹಟ ಹಿಡಿದೋನು ನಾನೇ. ಅಪ್ಪನಿಗೆ ಓಯ್ದಿನ್ ಅತ್ತೆಯ ನೆನಪಾಗುತ್ತೆ, ನಿನಗೆ ಗೊತ್ತಿದೆ ಅಂತ ಅವರಿಗೆ ಹೇಳಬೇಡ ಅಂತ ಇವಳೇ ಆಣೆ ಹಾಕಿಸ್ಕೊಂಡಿದ್ಲು."

ಹೊರಗೆ ಯಂತ್ರದ ಗಾಲಿಗಳ ಸದ್ದು ಹತ್ತಿರವಾಯಿತು. ತುರೋಬ್ ಎತ್ತಿ ಹಿಡಿದ ರೆಪ್ಪೆಯನ್ನು ಬಿಡಲಿಲ್ಲ. ಮಗಳು ಜಾಸುರ್‌ನ ಕಡೆಗೆ ನೋಡುತ್ತಿದ್ದಳು.